ವೈದ್ಯರ ಸಹಾನುಭೂತಿಗೆ ಅಂಕ ನೀಡಬೇಕಾದವರು ಯಾರು?

ಮಾಗಡಿ ಸೀಮೆಯ ಗುಡೇಮಾರನಹಳ್ಳಿಯಂತಹ ಊರುಗಳಲ್ಲಿ ಕಾಯಿಲೆ ಬಿದ್ದವರ ಮುಂದೆ ಹೆಚ್ಚು ದಾರಿಗಳಿಲ್ಲ. ಸಣ್ಣಪುಟ್ಟ ಜ್ವರ, ನೆಗಡಿಯಾದರೆ ಹತ್ತಿರದ ಆರೋಗ್ಯ ಕೇಂದ್ರ ಅಥವಾ ಕ್ಲಿನಿಕ್. ಅದಕ್ಕೆ ಮೀರಿದ್ದಾದರೆ ಹೆದ್ದಾರಿಗೆ ಬಂದು ಬೆಂಗಳೂರಿಗೋ ತುಮಕೂರಿಗೋ ಬಸ್ಸು ಹತ್ತಬೇಕು. ಬಡವರಾದರೆ ಅವರು ತಲುಪುವುದು ಹೆಚ್ಚಾಗಿ ವೈದ್ಯಕೀಯ ಕಾಲೇಜಿಗೆ ಸೇರಿದ ದೊಡ್ಡಾಸ್ಪತ್ರೆಯನ್ನು. ಅಲ್ಲಿ ಅವರನ್ನು ಮೊದಲು ಮುಟ್ಟಿ ನೋಡುವವರು ಹೆಸರಾಂತ ತಜ್ಞರಲ್ಲ. ಇನ್ನೂ ಕಲಿಯುತ್ತಿರುವ ಹುಡುಗ ಹುಡುಗಿಯರು. ಆದ್ದರಿಂದ ವೈದ್ಯಕೀಯ ವಿದ್ಯಾರ್ಥಿಗಳಿಗೆ ಏನನ್ನು ಕಲಿಸಲಾಗುತ್ತಿದೆ ಎಂಬುದು ಕಾಲೇಜಿನ ಆಡಳಿತ ಮಂಡಳಿಗೆ ಮಾತ್ರ ಸಂಬಂಧಿಸಿದ ವಿಚಾರವಲ್ಲ. ಅದು ಆ ಬಸ್ಸಿನಲ್ಲಿ ಕುಳಿತ ಪ್ರತಿಯೊಬ್ಬರಿಗೂ ಸಂಬಂಧಿಸಿದ್ದು.

ಕೆಲ ಸಮಯದ ಹಿಂದೆ ಆ ಊರಿನ, ನಮಗೆ ಪರಿಚಿತರಾದ ವೃದ್ಧೆಯೊಬ್ಬರ ಜೊತೆ ಇಂತಹ ಒಂದು ಆಸ್ಪತ್ರೆಯಲ್ಲಿ ಎರಡು ದಿನ ಕಳೆಯುವ ಸಂದರ್ಭ ನಮಗೊದಗಿತು. ಅವರಿಗೆ ಬಹುಕಾಲದಿಂದ ಸಕ್ಕರೆ ಕಾಯಿಲೆ. ಕಾಲಿನ ಗಾಯವೊಂದು ಮಾಯುತ್ತಿರಲಿಲ್ಲ. ಅದಕ್ಕೆ ಹಿಂದಿನ ಮೂರು ಭೇಟಿಗಳಲ್ಲಿ ಮೂರು ಸಲ ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಲಾಗಿತ್ತು. ಬೆಳಗ್ಗೆ ಹಿರಿಯ ವೈದ್ಯರು ಹತ್ತು ಹನ್ನೆರಡು ವಿದ್ಯಾರ್ಥಿಗಳೊಂದಿಗೆ ಮಂಚದ ಬಳಿ ಬಂದರು. ಒಬ್ಬ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ವಯಸ್ಸು, ಲಿಂಗ, ರೋಗದ ಹೆಸರುಗಳನ್ನು ಒಪ್ಪಿಸಿದ. ಇನ್ನೊಬ್ಬರು ಒಂದು ಮಾತೂ ಕೇಳದೆ ಹೊದಿಕೆಯನ್ನು ಮೊಣಕಾಲಿನವರೆಗೆ ಸರಿಸಿದರು. ಆ ತಾಯಿ ದುಪಟ್ಟಾದಿಂದ ಮುಖ ಮುಚ್ಚಿಕೊಂಡರು. ಅವರ ಗಾಯದ ಕುರಿತು ಐದಾರು ನಿಮಿಷ ಚರ್ಚೆ ನಡೆಯಿತು. ಆದರೆ ಅವರೊಂದಿಗೆ ಯಾರೂ ಮಾತನಾಡಲಿಲ್ಲ.

ಮಧ್ಯಾಹ್ನ ಅದೇ ಗುಂಪಿನ ಒಬ್ಬ ಹುಡುಗ ಮರಳಿ ಬಂದ. ಸ್ಟೂಲು ಎಳೆದುಕೊಂಡು ಕುಳಿತ. ತನ್ನ ಹೆಸರು ಹೇಳಿದ. ಬಳಿಕ, “ಅಜ್ಜಿ, ಮಾತ್ರೆ ದಿನಾ ಹೇಗೆ ತಗೋತೀರಿ?” ಎಂದು ಕೇಳಿದ. ಅವರು ಬಾಗಿಲ ಕಡೆ ನೋಡಿ, ಮಗ ಹೊರಗಿದ್ದಾನೆಂದು ಖಚಿತಪಡಿಸಿಕೊಂಡು ಮೆಲ್ಲಗೆ ಹೇಳಿದರು: “ಅರ್ಧ ಅರ್ಧ ಮಾಡ್ಕೋತೀನಿ ಮಗಾ. ಒಂದು ತಿಂಗಳ ಮಾತ್ರೆ ಎರಡು ತಿಂಗಳು ಬರ್ತದೆ. ಅವನ ಆಟೋ ಕಂತು ಇನ್ನೂ ಮುಗಿದಿಲ್ಲ.”

ಮೂರು ಸಲ ಹೆಚ್ಚಿಸಿದ ಮಾತ್ರೆ ಏಕೆ ಕೆಲಸ ಮಾಡಲಿಲ್ಲ ಎಂಬುದಕ್ಕೆ ಉತ್ತರ ಅಲ್ಲಿ ದೊರಕಿತು. ರಕ್ತ ಪರೀಕ್ಷೆಯಲ್ಲಿ ಆ ಉತ್ತರ ಇರಲಿಲ್ಲ, ಸ್ಕ್ಯಾನಿಂಗ್‌ನಲ್ಲೂ ಇರಲಿಲ್ಲ. ಅದು ಆ ತಾಯಿಯ ಬಳಿ ಇತ್ತು. ಕೇಳುವ ರೀತಿಯಲ್ಲಿ ಕೇಳಿದವನಿಗೆ ಮಾತ್ರ ಅವರು ಅದನ್ನು ಕೊಟ್ಟರು. ಸರ್ಕಾರಿ ಆಸ್ಪತ್ರೆಯಲ್ಲಿ ಅದೇ ಮಾತ್ರೆ ಉಚಿತವಾಗಿ ಸಿಗುತ್ತದೆಂದು ಆ ಹುಡುಗ ಚೀಟಿಯಲ್ಲಿ ಬರೆದುಕೊಟ್ಟ. ಅವನ ಹಾಜರಿ ಪುಸ್ತಕದಲ್ಲಾಗಲಿ, ಅಂಕಪಟ್ಟಿಯಲ್ಲಾಗಲಿ ಈ ಹತ್ತು ನಿಮಿಷಗಳಿಗೆ ಯಾವ ಸ್ಥಾನವೂ ಇಲ್ಲ.

ಇದನ್ನೇ ಸಹಾನುಭೂತಿ ಎನ್ನಲಾಗುತ್ತದೆ. ಹಲವರು ಇದನ್ನು ಕನಿಕರವೆಂದು ತಪ್ಪು ತಿಳಿಯುತ್ತಾರೆ. ರೋಗಿಯನ್ನು ಕಂಡು ‘ಅಯ್ಯೋ ಪಾಪ’ ಎನ್ನುವುದು ಕನಿಕರ. ರೋಗಿಯ ಜಾಗದಿಂದ ಆತನ ಕಾಯಿಲೆಯನ್ನು ಅರ್ಥಮಾಡಿಕೊಳ್ಳುವುದು, ಅರ್ಥವಾಗಿದೆಯೆಂದು ಆತನಿಗೆ ತಿಳಿಯುವಂತೆ ನಡೆದುಕೊಳ್ಳುವುದು ಸಹಾನುಭೂತಿ. ಮೊದಲನೆಯದು ಇಲ್ಲದಿದ್ದರೂ ಚಿಕಿತ್ಸೆ ನಡೆಯಬಹುದು. ಎರಡನೆಯದು ಇಲ್ಲದಿದ್ದರೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ.

ದಾರಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯ 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ಕಂಡಿತು. ತಮಿಳುನಾಡು ಮೂಲದ ಬಡ ಗರ್ಭಿಣಿಯೊಬ್ಬರು ಹೆರಿಗೆ ನೋವಿನಿಂದ ಜಿಲ್ಲಾಸ್ಪತ್ರೆಗೆ ಬಂದರು. ತಾಯಿ ಕಾರ್ಡ್ ಮತ್ತು ಆಧಾರ್ ಇಲ್ಲವೆಂಬ ಕಾರಣಕ್ಕೆ ಅವರನ್ನು ದಾಖಲಿಸಿಕೊಳ್ಳದೆ ಕಳುಹಿಸಲಾಯಿತು ಎಂಬ ಆರೋಪ ಕೇಳಿಬಂತು. ಆಕೆ ಬಾಡಿಗೆ ಮನೆಗೆ ಮರಳಿದರು. ಅಲ್ಲಿ ಆಕೆಯೂ ಅವಳಿ ಶಿಶುಗಳೂ ಅಸುನೀಗಿದರು. ಒಬ್ಬ ಪುಟ್ಟ ಮಗಳು ಅನಾಥಳಾದಳು. ಸರ್ಕಾರ ಕರ್ತವ್ಯದಲ್ಲಿದ್ದ ವೈದ್ಯೆಯನ್ನೂ ದಾದಿಯರನ್ನೂ ಅಮಾನತುಗೊಳಿಸಿತು. ಅಲ್ಲಿಗೆ ಸುದ್ದಿ ಮುಗಿಯಿತು. ಆದರೆ ಪ್ರಶ್ನೆ ಮುಗಿಯಿತೇ? ಹೆರಿಗೆ ಮಾಡಿಸುವ ವಿದ್ಯೆ ಅಲ್ಲಿ ಇತ್ತು. ಔಷಧಿಯೂ ಹಾಸಿಗೆಯೂ ಇದ್ದವು. ಎದುರಿಗೆ ನಿಂತವಳು ಒಂದು ದಾಖಲೆಯಲ್ಲ, ನೋವುಣ್ಣುತ್ತಿರುವ ಒಬ್ಬ ತಾಯಿ ಎಂಬ ಅರಿವೊಂದು ಇರಲಿಲ್ಲ. ಅಮಾನತಿನ ಆದೇಶದಿಂದ ಆ ಅರಿವು ಹುಟ್ಟುತ್ತದೆಂದು ನಂಬುವುದು ಕಷ್ಟ.

ಸಹಾನುಭೂತಿಯಿಂದ ಪ್ರಯೋಜನವಾಗುತ್ತದೆ ಎಂಬುದು ಕೇವಲ ಉಪದೇಶದ ಮಾತಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದ ಜೆಫರ್ಸನ್ ವೈದ್ಯಕೀಯ ಕಾಲೇಜಿನ ಮುಹಮ್ಮದ್ ರಝಾ ಹೊಜತ್ ಮತ್ತು ಸಂಗಡಿಗರು 2011ರಲ್ಲಿ 29 ವೈದ್ಯರ ಬಳಿ ಚಿಕಿತ್ಸೆ ಪಡೆಯುತ್ತಿದ್ದ 891 ಮಂದಿ ಸಕ್ಕರೆ ಕಾಯಿಲೆಯವರ ದಾಖಲೆಗಳನ್ನು ಪರಿಶೀಲಿಸಿ ಪ್ರಕಟಿಸಿದರು. ಸಹಾನುಭೂತಿಯ ಅಳತೆಯಲ್ಲಿ ಮೇಲಿದ್ದ ವೈದ್ಯರ ರೋಗಿಗಳಲ್ಲಿ ಶೇ. 56 ಮಂದಿಯ ಸಕ್ಕರೆ ಪ್ರಮಾಣ ಹತೋಟಿಯಲ್ಲಿತ್ತು. ಕೆಳಗಿದ್ದವರ ರೋಗಿಗಳಲ್ಲಿ ಅದು ಶೇ. 40. ಮರುವರ್ಷ ಇಟಲಿಯ ಪಾರ್ಮಾ ಪ್ರಾಂತದಲ್ಲಿ 242 ವೈದ್ಯರು ಮತ್ತು ಸುಮಾರು 21 ಸಾವಿರ ಸಕ್ಕರೆ ರೋಗಿಗಳ ಅಧ್ಯಯನವೂ ಅದೇ ದಿಕ್ಕನ್ನು ತೋರಿತು. ಹೆಚ್ಚು ಸಹಾನುಭೂತಿಯುಳ್ಳ ವೈದ್ಯರ ರೋಗಿಗಳು ತೀವ್ರ ತೊಡಕುಗಳಿಂದ ಆಸ್ಪತ್ರೆ ಸೇರಿದ ಪ್ರಸಂಗಗಳು ಕಡಿಮೆಯಿದ್ದವು. ಮಾತ್ರೆಯನ್ನು ಅರ್ಧ ಮಾಡಿ ನುಂಗುವ ತಾಯಂದಿರು ಎಲ್ಲ ದೇಶಗಳಲ್ಲೂ ಇದ್ದಾರೆ ಎಂಬುದನ್ನು ನೆನೆದರೆ ಈ ಫಲಿತಾಂಶ ನಮಗೆ ಆಶ್ಚರ್ಯವೆನಿಸುವುದಿಲ್ಲ.

ಹಾಗಾದರೆ ಇದನ್ನು ಕಲಿಸಲು ಸಾಧ್ಯವೇ? ಸಾಧ್ಯವೆಂದು ನಮ್ಮ ದೇಶದ ವೈದ್ಯಕೀಯ ಶಿಕ್ಷಣ ವ್ಯವಸ್ಥೆ ತಡವಾಗಿಯಾದರೂ ಒಪ್ಪಿಕೊಂಡಿದೆ. ಭಾರತೀಯ ವೈದ್ಯಕೀಯ ಪರಿಷತ್ತು 2018ರಲ್ಲಿ ‘ಏಟ್‌ಕಾಮ್’ ಎಂಬ ಪಠ್ಯಕ್ರಮವನ್ನು ಪ್ರಕಟಿಸಿತು. ಮನೋಭಾವ, ನೈತಿಕತೆ, ಸಂವಹನ ಎಂಬ ಮೂರು ವಿಷಯಗಳ ಇಂಗ್ಲಿಷ್ ಹೆಸರುಗಳಿಂದ ಕಟ್ಟಿದ ಪದವದು. 2019ರಲ್ಲಿ ಎಂಬಿಬಿಎಸ್ ಸೇರಿದವರಿಂದ ಆರಂಭಿಸಿ ಇದು ಕಡ್ಡಾಯವಾಯಿತು. ಒಟ್ಟು 27 ಘಟಕಗಳು. ಮೊದಲ ವರ್ಷದಲ್ಲೇ ‘ವೈದ್ಯನಾಗುವುದೆಂದರೇನು’ ಎಂಬುದರ ಬೆನ್ನಿಗೆ ‘ರೋಗಿಯಾಗುವುದೆಂದರೇನು’ ಎಂಬ ಘಟಕವೂ ಬರುತ್ತದೆ. ಅಂಗರಚನಾ ವಿಭಾಗದ ಮೇಜಿನ ಮೇಲೆ ಮಲಗಿಸಿದ ಮೃತದೇಹವನ್ನು ತನ್ನ ಮೊದಲ ಗುರುವೆಂದು ಕಾಣಲು ಕಲಿಸುವ ಘಟಕವಿದೆ. 2020ರಲ್ಲಿ ಪರಿಷತ್ತಿನ ಸ್ಥಾನಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದ ಬಳಿಕವೂ ಇದು ಮುಂದುವರಿಯಿತು. ಬೆಂಗಳೂರಿನಲ್ಲಿ 1963ರಲ್ಲಿ ಆರಂಭವಾದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಸರ್ಕಾರದ ಆದೇಶಕ್ಕೆ ಕಾಯದೆ ದಶಕಗಳಿಂದಲೇ ವೈದ್ಯಕೀಯ ನೀತಿಶಾಸ್ತ್ರವನ್ನು ಕಲಿಸುತ್ತಾ, ವಿದ್ಯಾರ್ಥಿಗಳನ್ನು ಹಳ್ಳಿಗಳಿಗೆ ಕರೆದೊಯ್ಯುತ್ತಾ ಬಂದಿದೆ. ಬೆಂಗಳೂರಿನವರೇ ಆದ ರಾಧಾ ರಾಮಸ್ವಾಮಿಯವರು ಬ್ರೆಜಿಲ್‌ನ ಆಗಸ್ಟೊ ಬೋಲ್ ರೂಪಿಸಿದ ‘ಶೋಷಿತರ ರಂಗಭೂಮಿ’ಯ ವಿಧಾನವನ್ನು ವೈದ್ಯಕೀಯ ವಿದ್ಯಾರ್ಥಿಗಳ ಶಿಬಿರಗಳಿಗೆ ತಂದರು. ಈ ವಿಧಾನದಲ್ಲಿ ಅನ್ಯಾಯದ ಒಂದು ಸನ್ನಿವೇಶವನ್ನು ಅಭಿನಯಿಸಲಾಗುತ್ತದೆ. ನೋಡುವವರೇ ಎದ್ದು ಬಂದು ಪಾತ್ರ ವಹಿಸಿ ಅದನ್ನು ಬದಲಿಸಲು ಯತ್ನಿಸುತ್ತಾರೆ. ಒಮ್ಮೆ ರೋಗಿಯ ಪಾತ್ರದಲ್ಲಿ ಮಲಗಿ, ಹತ್ತು ಮಂದಿ ತನ್ನ ತಲೆಯ ಮೇಲೆ ಮಾತಾಡುವುದನ್ನು ಕೇಳಿಸಿಕೊಂಡವನು ಮುಂದೆ ಹೊದಿಕೆ ಸರಿಸುವ ಮುನ್ನ ಒಂದು ಮಾತು ಕೇಳಿಯಾನು.

ಕಲಿಸುವ ವ್ಯವಸ್ಥೆ ಇಷ್ಟರ ಮಟ್ಟಿಗಾದರೂ ಇದೆ. ತೊಡಕಿರುವುದು ಅಳೆಯುವುದರಲ್ಲಿ. ನಮ್ಮ ದೇಶದಲ್ಲಿ ವಿದ್ಯಾರ್ಥಿ ಓದುವುದು ಪರೀಕ್ಷೆಯಲ್ಲಿ ಬರುವುದನ್ನು ಮಾತ್ರ. ಆದ್ದರಿಂದ ಏಟ್‌ಕಾಮ್‌ನಿಂದಲೂ ಪ್ರಶ್ನೆ ಕೇಳಬೇಕೆಂಬ ನಿಯಮವಾಯಿತು. ಪರಿಣಾಮವೇನು? ‘ರೋಗಿಯೊಂದಿಗೆ ಹೇಗೆ ಮಾತನಾಡಬೇಕು’ ಎಂಬುದು ಐದು ಅಂಕದ ಟಿಪ್ಪಣಿಯಾಗಬಹುದು. ಗೈಡ್ ಪುಸ್ತಕದಲ್ಲಿ ಅದಕ್ಕೂ ಸಿದ್ಧ ಉತ್ತರ ಇರಬಹುದು. ಉತ್ತರ ಪತ್ರಿಕೆಯಲ್ಲಿ ಸಹಾನುಭೂತಿಯ ಆರು ಲಕ್ಷಣಗಳನ್ನು ತಪ್ಪಿಲ್ಲದೆ ಬರೆದವನು ವಾರ್ಡಿನಲ್ಲಿ ಒಂದನ್ನೂ ತೋರದಿದ್ದರೆ ಅವನನ್ನು ಅನುತ್ತೀರ್ಣಗೊಳಿಸುವ ಯಾವ ದಾರಿಯೂ ಇಲ್ಲ.

ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಅಳತೆಗೋಲು ಹೊಜತ್ ಮತ್ತು ಸಂಗಡಿಗರು 2001ರಲ್ಲಿ ರೂಪಿಸಿದ ‘ಜೆಫರ್ಸನ್ ಮಾಪಕ’. ಅದರಲ್ಲಿ 20 ಹೇಳಿಕೆಗಳಿವೆ. ಪ್ರತಿಯೊಂದನ್ನೂ ಎಷ್ಟರ ಮಟ್ಟಿಗೆ ಒಪ್ಪುತ್ತೇನೆಂದು ವಿದ್ಯಾರ್ಥಿಯೇ 1ರಿಂದ 7ರವರೆಗೆ ಗುರುತು ಹಾಕಬೇಕು. ಕನಿಷ್ಠ 20, ಗರಿಷ್ಠ 140 ಅಂಕ. ಭಾರತದ ಕಾಲೇಜುಗಳಲ್ಲೂ ಇದನ್ನು ಬಳಸಲಾಗಿದೆ. ಇದು ನಿಷ್ಪ್ರಯೋಜಕ ಎಂದು ನಾವು ಹೇಳುವುದಿಲ್ಲ. ಒಂದು ಕಹಿ ಸತ್ಯವನ್ನು ಇದೇ ಮಾಪಕ ಹೊರಗೆಡವಿತು. 2009ರಲ್ಲಿ ಪ್ರಕಟವಾದ ಫಿಲಡೆಲ್ಫಿಯಾದ ಅಧ್ಯಯನದ ಪ್ರಕಾರ ಮೊದಲೆರಡು ವರ್ಷ ಹೆಚ್ಚು ಬದಲಾಗದ ಸಹಾನುಭೂತಿಯ ಅಂಕ ಮೂರನೇ ವರ್ಷದಲ್ಲಿ ಕುಸಿಯುತ್ತದೆ. ಮೂರನೇ ವರ್ಷವೆಂದರೆ ಅಲ್ಲಿನ ವಿದ್ಯಾರ್ಥಿ ಪುಸ್ತಕ ಬಿಟ್ಟು ರೋಗಿಯ ಬಳಿಗೆ ಬರುವ ವರ್ಷ! 2014ರಲ್ಲಿ ಪ್ರಕಟವಾದ ಭಾರತದ ಒಂದು ವೈದ್ಯಕೀಯ ಕಾಲೇಜಿನ ಅಧ್ಯಯನದಲ್ಲೂ ಮೇಲಿನ ತರಗತಿಗಳಿಗೆ ಹೋದಂತೆ ಅಂಕ ಇಳಿದಿರುವುದು ಕಂಡುಬಂತು. ರೋಗಿಯಿಂದ ದೂರವಿದ್ದಾಗ ಇದ್ದ ಆರ್ದ್ರತೆ ರೋಗಿಯ ಹತ್ತಿರ ಬಂದಾಗ ಬತ್ತುತ್ತದೆ ಎಂದಾದರೆ ದೋಷ ಆ ಹುಡುಗನ ಹೃದಯದ್ದೇ, ಅಥವಾ ನಾವು ಅವನನ್ನು ನಿಲ್ಲಿಸಿದ ವಾರ್ಡಿನದ್ದೇ?

ವಾರ್ಡಿನ ಪಾಲು ದೊಡ್ಡದಿದೆ. ವಿದ್ಯಾರ್ಥಿ ಸಹಾನುಭೂತಿಯ ಪಾಠವನ್ನು ತರಗತಿಯಲ್ಲಿ ಒಂದು ಗಂಟೆ ಕೇಳುತ್ತಾನೆ. ಉಳಿದ ಗಂಟೆಗಳಲ್ಲಿ ಹಿರಿಯರು ರೋಗಿಯನ್ನು ಹೆಸರಿನಿಂದ ಕರೆಯದೆ ಮಂಚದ ಸಂಖ್ಯೆಯಿಂದ ಕರೆಯುವುದನ್ನು ಕೇಳುತ್ತಾನೆ. ಅವನು ಯಾವುದನ್ನು ಕಲಿತಾನು? ಇನ್ನು ದುಡಿಮೆಯ ಹೊರೆ. ಕಿರಿಯ ವೈದ್ಯರು ನಿದ್ದೆಯಿಲ್ಲದೆ ಸತತ ಕರ್ತವ್ಯ ನಿರ್ವಹಿಸುವುದು ನಮ್ಮ ದೊಡ್ಡಾಸ್ಪತ್ರೆಗಳ ಬಹಿರಂಗ ಗುಟ್ಟು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ನೀಡಿದ ವರದಿಯಲ್ಲಿ, ಸಮೀಕ್ಷೆಗೆ ಉತ್ತರಿಸಿದ ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ತಮಗೆ ಮಾನಸಿಕ ಆರೋಗ್ಯದ ಸಮಸ್ಯೆಯಿದೆಯೆಂದು ಹೇಳಿಕೊಂಡಿದ್ದರು. ಸ್ನಾತಕೋತ್ತರ ವಿದ್ಯಾರ್ಥಿಗಳ ಕೆಲಸ ವಾರಕ್ಕೆ 74 ಗಂಟೆ ಮೀರಬಾರದೆಂದು ಅದು ಶಿಫಾರಸು ಮಾಡಿತು. 74 ಗಂಟೆಯೇ ಇಳಿಸಿದ ಹೊರೆಯೆಂದಾದರೆ ಇಳಿಸುವ ಮುನ್ನ ಎಷ್ಟಿರಬೇಕು! ಯಾರೂ ಕರುಣೆ ತೋರದ ವ್ಯಕ್ತಿಯಿಂದ ನಾವು ಕರುಣೆಯನ್ನು ನಿರೀಕ್ಷಿಸುತ್ತಿದ್ದೇವೆ.

ಇಷ್ಟಾಗಿಯೂ ಜೆಫರ್ಸನ್ ಮಾಪಕದ ಮೂಲಭೂತ ಕೊರತೆ ಬೇರೆಯೇ ಇದೆ. ಅದು ವಿದ್ಯಾರ್ಥಿಯನ್ನು ಕೇಳುತ್ತದೆ. ‘ರೋಗಿಯ ಭಾವನೆಗಳು ಮುಖ್ಯವೆಂದು ನಂಬುತ್ತೀಯಾ’ ಎಂದು ಕೇಳಿದರೆ ಇಲ್ಲವೆನ್ನುವ ವಿದ್ಯಾರ್ಥಿ ಎಷ್ಟು ಮಂದಿ ಸಿಕ್ಕಾರು? ಅಡುಗೆಯ ರುಚಿಯನ್ನು ಉಂಡವರನ್ನು ಬಿಟ್ಟು ಅಡುಗೆಯವನಲ್ಲೇ ವಿಚಾರಿಸಿದಂತೆ ಇದು. ಸ್ಕಾಟ್ಲೆಂಡಿನಲ್ಲಿ ಸ್ಟೂವರ್ಟ್ ಮರ್ಸರ್ ಮತ್ತು ಸಂಗಡಿಗರು ಈ ಕೊರತೆಯನ್ನು ಗುರುತಿಸಿ 2004ರಲ್ಲಿ ‘ಕೇರ್’ ಎಂಬ ಮಾಪಕವನ್ನು ಪ್ರಕಟಿಸಿದರು. ಅದರಲ್ಲಿ ಹತ್ತೇ ಪ್ರಶ್ನೆಗಳು. ಅವನ್ನು ಕೇಳುವುದು ವೈದ್ಯರನ್ನಲ್ಲ, ಅವರನ್ನು ಕಂಡು ಹೊರಬಂದ ರೋಗಿಯನ್ನು. ನಿಮ್ಮ ಮಾತನ್ನು ಪೂರ್ತಿ ಹೇಳಲು ಬಿಟ್ಟರೇ, ನಿಜವಾಗಿ ಕೇಳಿಸಿಕೊಂಡರೇ, ನಿಮಗೆ ತಿಳಿಯುವಂತೆ ವಿವರಿಸಿದರೇ ಎಂಬಂತಹ ಸರಳ ಪ್ರಶ್ನೆಗಳವು.

ಇದು ಪಶ್ಚಿಮದಿಂದ ಬಂದ ಹೊಸ ಶೋಧವೆಂದು ಭಾವಿಸಬೇಕಾಗಿಲ್ಲ. ವೈದ್ಯನನ್ನು ಅವನ ಮಾತಿನಿಂದಲ್ಲ, ರೋಗಿಗೆ ಏನಾಯಿತು ಎಂಬುದರಿಂದ ಅಳೆಯಬೇಕೆಂಬ ವಿಚಾರ ಬಹಳ ಹಳೆಯದು. 9ನೇ ಶತಮಾನದಲ್ಲಿ ಇಸ್‌ಹಾಕ್ ಬಿನ್ ಅಲಿ ರುಹಾವಿ ಅರಬಿ ಭಾಷೆಯಲ್ಲಿ ಬರೆದ ‘ಅದಬುತ್ತಬೀಬ್’ ಎಂಬ ಗ್ರಂಥ ವೈದ್ಯರ ಶಿಷ್ಟಾಚಾರಗಳ ಕುರಿತಾದದ್ದು. ವೈದ್ಯನು ಪ್ರತಿ ಭೇಟಿಯಲ್ಲೂ ರೋಗಿಯ ಸ್ಥಿತಿಯನ್ನು ಬರೆದಿಡಬೇಕು, ಅಗತ್ಯ ಬಿದ್ದಾಗ ಇತರ ವೈದ್ಯರು ಆ ಬರಹವನ್ನು ಪರಿಶೀಲಿಸಿ ಆತ ಸರಿಯಾಗಿ ನಡೆದುಕೊಂಡನೇ ಎಂದು ತೀರ್ಮಾನಿಸಬೇಕು ಎಂಬ ಕ್ರಮವನ್ನು ಅದು ವಿವರಿಸುತ್ತದೆ. ಸಾವಿರ ವರ್ಷಗಳ ಹಿಂದೆ ಮನುಷ್ಯರು ಯೋಚಿಸಿದ್ದನ್ನು ಇಂದು ನಾವು ಜಾರಿಗೊಳಿಸಲಾಗದೇ?

ಜಾರಿಗೊಳಿಸಲು ಬೇಕಾದ ಸೌಲಭ್ಯ ಈಗಾಗಲೇ ನಮ್ಮ ಕೈಯಲ್ಲಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ‘ಕುಟುಂಬ ದತ್ತು ಕಾರ್ಯಕ್ರಮ’ವನ್ನು ತಂದಿತು. ಪ್ರತಿ ಎಂಬಿಬಿಎಸ್ ವಿದ್ಯಾರ್ಥಿ ಮೊದಲ ವರ್ಷದಿಂದಲೇ ಹಳ್ಳಿಯೊಂದರ ಮೂರರಿಂದ ಐದು ಕುಟುಂಬಗಳ ಹೊಣೆ ಹೊರಬೇಕು. ಮತ್ತೆ ಮತ್ತೆ ಆ ಮನೆಗಳಿಗೆ ಹೋಗಿ ಅವರ ತೂಕ, ರಕ್ತದೊತ್ತಡ, ಸಕ್ಕರೆ, ರಕ್ತಹೀನತೆಗಳನ್ನು ಗಮನಿಸಬೇಕು. ಬೇಕಾದ ಚಿಕಿತ್ಸೆಗೆ ದಾರಿ ತೋರಿಸಬೇಕು. ಕರ್ನಾಟಕದಲ್ಲಿ ಸುಮಾರು ಎಪ್ಪತ್ತು ವೈದ್ಯಕೀಯ ಕಾಲೇಜುಗಳಿವೆ. ಬೆಂಗಳೂರಿನ ಸುತ್ತಲೂ ಅವು ದಟ್ಟವಾಗಿವೆ. ಗುಡೇಮಾರನಹಳ್ಳಿಯಂತಹ ಊರುಗಳು ಅವುಗಳಿಂದ ಬಸ್ಸಿನ ದೂರದಲ್ಲಿವೆ. ಅಂದರೆ ಈ ತನಕ ರೋಗಿ ಬಸ್ಸು ಹತ್ತಿ ವಿದ್ಯಾರ್ಥಿಯ ಬಳಿ ಹೋಗುತ್ತಿದ್ದ. ಈಗ ವಿದ್ಯಾರ್ಥಿ ಬಸ್ಸು ಹತ್ತಿ ರೋಗಿಯ ಮನೆಗೆ ಬರಬಹುದು. ಇದೊಂದು ಸುಂದರ ಯೋಜನೆ. ಆದರೆ ಇಲ್ಲಿಯೂ ವಿದ್ಯಾರ್ಥಿ ಲಾಗ್ ಪುಸ್ತಕ ತುಂಬಿಸುತ್ತಾನೆ, ಅಧ್ಯಾಪಕರು ಸಹಿ ಹಾಕುತ್ತಾರೆ. ದತ್ತು ಪಡೆಯಲಾದ ಕುಟುಂಬದ ಅಭಿಪ್ರಾಯವೇನು? ಆ ಪುಸ್ತಕದಲ್ಲಿ ಅದಕ್ಕೆಂದೇ ಒಂದು ಪುಟ ಇರಬೇಕೆಂಬುದು ನಮ್ಮ ಸಲಹೆ.

ಆ ಪುಟದಲ್ಲಿ ಹೊಗಳಿಕೆಯಾಗಲಿ, ದೂರಾಗಲಿ ಬೇಕಾಗಿಲ್ಲ. ಸಂಗತಿಗಳು ಸಾಕು. ಹುಡುಗ ತನ್ನ ಹೆಸರು ಹೇಳಿದನೇ? ಕುಳಿತು ಮಾತನಾಡಿದನೇ, ನಿಂತೇ ಹೋದನೇ? ಮನೆಯ ಹೆಂಗಸರ ಮಾತನ್ನು ಹೆಂಗಸರಿಂದಲೇ ಕೇಳಿದನೇ? ಮಾತ್ರೆ ಯಾವಾಗ, ಎಷ್ಟು ನುಂಗಬೇಕೆಂಬುದು ಈಗ ನಿಮಗೆ ಗೊತ್ತಿದೆಯೇ? ಕಳೆದ ಸಲ ಹೇಳಿದ ತೊಂದರೆ ಈ ಸಲ ಅವನಿಗೆ ನೆನಪಿತ್ತೇ? ಅಕ್ಷರ ಬಾರದವರೂ ಹೌದು, ಇಲ್ಲ ಎಂದು ಉತ್ತರಿಸಬಲ್ಲ ಪ್ರಶ್ನೆಗಳಿವು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ರೋಗಿಗಳು ಸಿಟ್ಟಿನಿಂದ ಅನ್ಯಾಯವಾಗಿ ಅಂಕ ಕೊಡಬಹುದು ಎಂಬುದು ಒಂದು. ನಮ್ಮ ಅನುಭವ ಇದಕ್ಕೆ ವಿರುದ್ಧವಾದದ್ದು. ನಮ್ಮ ಬಡವರು ಆಸ್ಪತ್ರೆಯಲ್ಲಿ ಏನು ಕೇಳಿದರೂ ‘ಎಲ್ಲ ಚೆನ್ನಾಗಿದೆ ಸಾರ್’ ಎನ್ನುತ್ತಾರೆ. ನಾಳೆ ಮತ್ತೆ ಅದೇ ಬಾಗಿಲಿಗೆ ಬರಬೇಕೆಂಬ ಭಯ ಅವರಿಗಿದೆ. ಆದ್ದರಿಂದ ಪ್ರಶ್ನೆಗಳನ್ನು ಆಸ್ಪತ್ರೆಯಲ್ಲಿ ಕೇಳಬಾರದು. ಊರಿನವರೇ ಆದ ಆಶಾ ಕಾರ್ಯಕರ್ತೆ ಮನೆಯಲ್ಲಿ ಕೇಳಲಿ, ಹೆಸರು ನಮೂದಿಸದಿರಲಿ. ಒಬ್ಬರ ಉತ್ತರದಿಂದಲ್ಲ, ಹಲವು ಮನೆಗಳ ಉತ್ತರಗಳಿಂದ ತೀರ್ಮಾನ ಮಾಡಲಿ. ಎರಡನೆಯದು, ಅಂಕದ ಆಸೆಯಿಂದ ವಿದ್ಯಾರ್ಥಿಗಳು ನಟಿಸಬಹುದು ಎಂಬುದು. ನಟಿಸಲಿ. ಐದು ವರ್ಷ ಕುಳಿತು ಕೇಳುವ ನಟನೆ ಮಾಡಿದವನಿಗೆ ಮಾತ್ರೆಯ ಕಥೆ ಹೇಗೂ ಕಿವಿಗೆ ಬೀಳುತ್ತದೆ. ಸಲಾಮಿಗೆ ಪ್ರತಿಸಲಾಮ್ ಹೇಳುವುದನ್ನು ನಮ್ಮ ಮಕ್ಕಳು ಮೊದಲು ಕಲಿತದ್ದು ಅಭ್ಯಾಸದಿಂದಲೇ. ಅದರ ಅರ್ಥ ಹೊಳೆದದ್ದು ಆ ಬಳಿಕ.

ವಿಶೇಷವಾಗಿ ನಮ್ಮ ಜಿಲ್ಲೆಗಳ ದುಡಿಯುವ ಜನರಿಗೆ ಇಂತಹ ವೈದ್ಯರ ಅಗತ್ಯ ಎಷ್ಟಿದೆಯೆಂದು ನೋಡೋಣ. ರಾಮನಗರದ ರೇಷ್ಮೆ ಬಿಚ್ಚಣಿಕೆಯಲ್ಲಿ ದುಡಿಯುವವರಲ್ಲಿ ಮುಸ್ಲಿಮರ ಸಂಖ್ಯೆ ದೊಡ್ಡದು. ಬಿಸಿನೀರಿನಲ್ಲಿ ದಿನವಿಡೀ ಕೈಯಾಡಿಸುವುದರಿಂದ ಬೆರಳುಗಳ ಚರ್ಮ ಹುಣ್ಣಾಗುತ್ತದೆ. ಗೂಡು ಬೇಯಿಸುವಾಗಿನ ಆವಿ ಮತ್ತು ರೇಷ್ಮೆಯ ಅಂಶಗಳಿಂದ ಕೆಲವರಿಗೆ ಉಬ್ಬಸ ಬರುತ್ತದೆ. ಚನ್ನಪಟ್ಟಣದ ಬೊಂಬೆ ಕುಶಲಕರ್ಮಿ ಮರದ ಹುಡಿಯ ನಡುವೆ ಕುಳಿತಿರುತ್ತಾನೆ. ಉಬ್ಬಸಕ್ಕೆ ಔಷಧಿ ಬರೆಯುವ ವೈದ್ಯ ‘ನಿಮ್ಮ ಕೆಲಸವೇನು’ ಎಂದು ಕೇಳದಿದ್ದರೆ ಆತ ಔಷಧಿ ನುಂಗಿ ಮರುದಿನ ಅದೇ ಆವಿಯ ಮುಂದೆ ಕೂರುತ್ತಾನೆ. ಇಟಲಿಯ ಬರ್ನಾರ್ಡಿನೊ ರಾಮಾಜಿನಿ 1700ರಲ್ಲೇ ದುಡಿಮೆಗಾರರ ರೋಗಗಳ ಬಗ್ಗೆ ಗ್ರಂಥ ಬರೆದು, ರೋಗಿಯ ಕಸುಬೇನೆಂದು ಕೇಳುವುದನ್ನು ವೈದ್ಯರು ರೂಢಿ ಮಾಡಿಕೊಳ್ಳಬೇಕೆಂದು ಹೇಳಿದ್ದರು.

ಇನ್ನು ಭಾಷೆ. ನಮ್ಮ ಅನೇಕ ತಾಯಂದಿರು ಮನೆಯಲ್ಲಿ ದಖನಿ ಉರ್ದು ಮಾತಾಡುತ್ತಾರೆ. ವೈದ್ಯರ ಮುಂದೆ ಮಗ ಅನುವಾದಕನಾಗಿ ನಿಲ್ಲುತ್ತಾನೆ. ಹೆಣ್ಣಿನ ದೇಹದ ತೊಂದರೆಯನ್ನು ಯಾವ ತಾಯಿ ತಾನೇ ಮಗನ ಬಾಯಿಂದ ಹೇಳಿಸಿಯಾಳು? ಆಕೆ ‘ತಲೆನೋವು’ ಎನ್ನುತ್ತಾಳೆ. ಗರ್ಭಕೋಶದ ರೋಗ ಒಳಗೇ ಬೆಳೆಯುತ್ತದೆ. ಹೊಸ ಪಠ್ಯಕ್ರಮದ ಆರಂಭದ ತರಬೇತಿಯಲ್ಲಿ ಸ್ಥಳೀಯ ಭಾಷೆಯ ಕಲಿಕೆಗೂ ಸಮಯವಿದೆ. ಹೊರ ರಾಜ್ಯದ ವಿದ್ಯಾರ್ಥಿಗಳು ಅಲ್ಲಿ ಕನ್ನಡ ಕಲಿಯಲೇಬೇಕು. ಮಗನನ್ನು ಹೊರಗೆ ಕಳುಹಿಸಿ ದಾದಿಯೊಬ್ಬಳನ್ನು ಕರೆದು ಮಾತಾಡಿಸುವ ಜಾಣ್ಮೆ ಮಾತ್ರ ಭಾಷೆಯ ಪಾಠದಲ್ಲಿ ಸಿಗುವುದಿಲ್ಲ. ಅದು ಸಹಾನುಭೂತಿಯ ಪಾಠ.

ವೈದ್ಯರನ್ನಷ್ಟೇ ದೂರಿ ಮುಗಿಸುವುದು ನ್ಯಾಯವಲ್ಲ. ನಮ್ಮ ಸಮುದಾಯ ತನ್ನನ್ನೂ ಪ್ರಶ್ನಿಸಿಕೊಳ್ಳಬೇಕು. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಪಾದರಾಯನಪುರದಲ್ಲಿ, ಕೊರೋನಾ ಸೋಂಕಿತರ ಸಂಪರ್ಕದಲ್ಲಿದ್ದವರನ್ನು ಕ್ವಾರಂಟೈನಿಗೆ ಕರೆದೊಯ್ಯಲು ಬಂದ ಆರೋಗ್ಯ ಸಿಬ್ಬಂದಿಗೆ ತಡೆಯೊಡ್ಡಿ ದಾಂಧಲೆ ನಡೆಸಲಾಯಿತು. ಬಂಧಿತರನ್ನು ರಾಮನಗರದ ಜೈಲಿಗೆ ತಂದಾಗ ಅವರಲ್ಲಿ ಕೆಲವರಿಗೆ ಸೋಂಕು ತಗಲಿರುವುದು ದೃಢಪಟ್ಟಿತು. ಆ ದಿನಗಳಲ್ಲಿ ಒಂದಿಡೀ ಸಮುದಾಯವನ್ನೇ ರೋಗದ ಹೆಸರಿನಲ್ಲಿ ದೂಷಿಸಿದ ಅನ್ಯಾಯ ನಮಗೆ ಇನ್ನೂ ನೋವುಂಟು ಮಾಡುತ್ತದೆ. ಆದರೆ ತಮ್ಮ ಮಕ್ಕಳನ್ನು ಮನೆಯಲ್ಲಿ ಬಿಟ್ಟು, ಜೀವಭಯದಲ್ಲೇ ಗಲ್ಲಿಗಳಿಗೆ ಬಂದ ಆ ಆಶಾ ತಾಯಂದಿರ ಜಾಗದಲ್ಲಿ ನಿಂತು ನಾವು ಯೋಚಿಸಿದೆವೇ? ವೈದ್ಯರ ಮೇಲಿನ ಹಲ್ಲೆಯನ್ನು ತಡೆಯಲು ಕರ್ನಾಟಕ 2009ರಲ್ಲೇ ಕಾನೂನು ಮಾಡಬೇಕಾಗಿ ಬಂತು. ಅದು ಎಲ್ಲ ಸಮುದಾಯಗಳಿಗೂ ನಾಚಿಕೆಯ ವಿಷಯ. ರೋಗಿಯ ಸಂದರ್ಶನ ನಮ್ಮಲ್ಲಿ ಪುಣ್ಯದ ಕೆಲಸ. ಅದನ್ನು ಇಪ್ಪತ್ತು ಮಂದಿ ಒಟ್ಟಿಗೆ ವಾರ್ಡಿಗೆ ನುಗ್ಗಿ, ಪಕ್ಕದ ಮಂಚದ ರೋಗಿಯ ನಿದ್ದೆ ಕೆಡಿಸಿ ಮಾಡಬೇಕೆಂದು ಯಾರೂ ಹೇಳಿಲ್ಲ.

ಇನ್ನೊಂದು ಮಾತು ವೈದ್ಯರಾಗಬೇಕೆಂದು ಮಕ್ಕಳನ್ನು ಓದಿಸುವ ತಂದೆತಾಯಿಯರಿಗೆ. ಇಂದು ನಮ್ಮ ಪಟ್ಟಣಗಳ ಮನೆಗಳಲ್ಲಿ ನೀಟ್ ಪರೀಕ್ಷೆಯ ಕನಸು ಕಾಣದವರು ವಿರಳ. ಹೆಣ್ಣುಮಕ್ಕಳೂ ಮುಂದೆ ಬರುತ್ತಿದ್ದಾರೆ. ಇದು ಸಂತಸದ ಬೆಳವಣಿಗೆ. ಆದರೆ ನಾವು ಆ ಮಗುವಿಗೆ ಏನು ಹೇಳಿ ಬೆಳೆಸುತ್ತಿದ್ದೇವೆ? ಹೊಲ ಮಾರಿ ಸೀಟು ಕೊಡಿಸಿದ್ದೇವೆ, ಹಿಂದಿರುಗಿ ಸಂಪಾದಿಸು ಎಂದೇ? ಡಾಕ್ಟರ್ ವರನೆಂದು ಮದುವೆ ಮಾರುಕಟ್ಟೆಯಲ್ಲಿ ಬೆಲೆ ಕಟ್ಟಿ ವರದಕ್ಷಿಣೆ ಎಣಿಸುವ ಮನೆಯಲ್ಲಿ ಬೆಳೆದವನಿಗೆ ರೋಗಿ ಗಿರಾಕಿಯಾಗಿ ಕಂಡರೆ ತಪ್ಪು ಯಾರದು? ಕಾಲೇಜು 27 ಘಟಕಗಳಲ್ಲಿ ಕಲಿಸುವುದನ್ನು ಮನೆ ಒಂದೇ ಮಾತಿನಲ್ಲಿ ಅಳಿಸಿ ಹಾಕಬಹುದು. ಕಾಲೇಜಿಗೆ ಕಳುಹಿಸುವ ಮುನ್ನ ಮಗನನ್ನೋ ಮಗಳನ್ನೋ ನೆರೆಮನೆಯ ರೋಗಿಯ ಬಳಿ ಅರ್ಧ ಗಂಟೆ ಕೂರಿಸಿ. ಅವರ ಮಾತ್ರೆಯ ಡಬ್ಬಿಯನ್ನು ತೆರೆದು ನೋಡಲು ಹೇಳಿ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1996ರಿಂದ ರಾಜ್ಯದ ವೈದ್ಯಕೀಯ ಪರೀಕ್ಷೆಗಳನ್ನು ನಡೆಸುತ್ತಾ ಬಂದಿದೆ. ಕುಟುಂಬ ದತ್ತು ಕಾರ್ಯಕ್ರಮದ ಲಾಗ್ ಪುಸ್ತಕದಲ್ಲಿ ಕುಟುಂಬದ ಪುಟವೊಂದನ್ನು ಸೇರಿಸಲು ದೊಡ್ಡ ಬಜೆಟ್ ಬೇಕಾಗಿಲ್ಲ. ನಮ್ಮ ಸಂಘ ಸಂಸ್ಥೆಗಳು, ಜಮಾಅತ್‌ಗಳು, ವೈದ್ಯಕೀಯ ಕಾಲೇಜು ನಡೆಸುತ್ತಿರುವ ನಮ್ಮ ಶ್ರೀಮಂತರು ಈ ಬೇಡಿಕೆಯನ್ನು ಮುಂದಿಡಬಹುದು. ಬೇರೆಯವರಿಗಿಂತ ಮೊದಲು ತಮ್ಮ ಕಾಲೇಜಿನಲ್ಲೇ ಆರಂಭಿಸಲೂಬಹುದು.

ಗುಡೇಮಾರನಹಳ್ಳಿಯ ಆ ತಾಯಿ ಈಗ ಪೂರ್ತಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಗಾಯ ನಿಧಾನವಾಗಿ ಒಣಗುತ್ತಿದೆ. ಅಂದು ಮಂಚದ ಸುತ್ತ ನಿಂತಿದ್ದ ವಿದ್ಯಾರ್ಥಿಗಳಲ್ಲಿ ಒಬ್ಬನ ಹೆಸರು ಮಾತ್ರ ಅವರಿಗೆ ನೆನಪಿದೆ. ಅವನಿಗಾಗಿ ದುಆ ಮಾಡುತ್ತೇನೆ ಎಂದರು. ಆ ಹುಡುಗನ ಬಗ್ಗೆ ವಿಶ್ವವಿದ್ಯಾಲಯ ಅವರನ್ನು ಒಮ್ಮೆ ಕೇಳಿ ನೋಡಲಿ ಎಂಬುದಷ್ಟೇ ನಮ್ಮ ಬೇಡಿಕೆ.